ಊರಿಗೆಲ್ಲ ಹೆಣ್ಣು ಕೇಳಿದವನು

ನಮ್ಮಣ್ಣ ಲಿಬ್ರಾದೊ ಮನೆಯೊಳಗೆ ಆಡ್ತಿದ್ದ ಮಾತು ಅಷ್ಟಕ್ಕಷ್ಟೇ. "ರೊಟ್ಟಿ ಹಾಕು." "ಎತ್ತಿಗೆ ನೀರು ಇಟ್ಟೆಯಾ?" "ಗಾಳಿ ದಿಕ್ಕು ಬದಲಾಯ್ತು." ಮುಗೀತು. ಅದೇ ಮನುಷ್ಯ ಇನ್ನೊಬ್ಬರ ಅಂಗಳದಲ್ಲಿ ಟೋಪಿ ತೆಗೆದು ಎದೆಗೊತ್ತಿಕೊಂಡು ನಿಂತ ಅಂದರೆ, ಬೆಳ್ಳಿ ಚುಕ್ಕಿ ಇರುವಾಗ ಶುರುವಾದ ಮಾತು ಕೋಳಿಗಳು ಕೆಳಗಿಳಿದು ಮೇಯೋಕೆ ಹೋದರೂ ನಿಲ್ತಿರಲಿಲ್ಲ. ನಾನು ಅವನ ತಂಗಿ ಮೊದೆಸ್ತಾ. ನಮ್ಮಿಬ್ಬರಿಗೂ ಒಂದೇ ಅಂಗಳ, ಒಂದೇ ಒಲೆ. ಅವನ ಅಂಗಿ ಒಗೆದು ಒಗೆದು ನನ್ನ ಬೆರಳು ಸವೆದಿದೆ, ಅವನ ವಿಷಯ ಹೇಳೋಕೆ ನನಗಿಂತ ಹೆಚ್ಚಿನ ಹಕ್ಕು ಯಾರಿಗಿದೆ? ನನ್ನ ಬಾಯಿ ಜೋರು ಅಂತ ಊರು ಹೇಳುತ್ತೆ. ಹೇಳಲಿ ಬಿಡಿ.

ನಮ್ಮ ಕಡೆ ಹೆಣ್ಣು ಕೇಳೋಕೆ ಹುಡುಗ ಹೋಗೋ ಹಾಗಿಲ್ಲ. ಹುಡುಗನ ಅಪ್ಪ ಹೋದರೂ ಬಾಯಿ ಬಿಡೋ ಹಾಗಿಲ್ಲ. ಅವರ ಪರವಾಗಿ ಹಿರೀಮಾತು ಬಲ್ಲವನೊಬ್ಬ ಹೋಗಬೇಕು. ಹಿರೀಮಾತು ಅಂದರೆ ಸಂತೆ ಮಾತಲ್ಲ. ನೊಗಕ್ಕೆ ಕಟ್ಟಿದ ಎತ್ತಿನ ಹಾಗೆ ಜೋಡಿ ಜೋಡಿಯಾಗಿ ಬರಬೇಕು. "ನಿಮ್ಮ ಹೊಸಿಲಿಗೆ ಬಂದಿದೀವಿ, ನಿಮ್ಮ ನೆರಳಿಗೆ ಬಂದಿದೀವಿ. ಕಾಲಿನ ಧೂಳು ಮನ್ನಿಸಿ, ನಾಲಿಗೆಯ ಧೂಳು ಮನ್ನಿಸಿ." ಒಂದು ಹೇಳಿ ಅದರ ಜೋಡಿ ಬಿಟ್ಟರೆ ಕೇಳೋರು ಮುಖ ತಿರುಗಿಸ್ತಾರೆ. ಎಲ್ಲೂ ಹೆಣ್ಣು ಅನ್ನೋ ಹಾಗಿಲ್ಲ, ಮದುವೆ ಅನ್ನೋ ಹಾಗಿಲ್ಲ. ಹೂವು ಅನ್ನಬೇಕು, ಚಾಪೆ ಅನ್ನಬೇಕು, ಬೆಂಕಿ ಅನ್ನಬೇಕು.

ಇಷ್ಟೆಲ್ಲ ಕೇಳಿಸಿಕೊಂಡು ಹೆಣ್ಣಿನ ಮನೆಯವರು ಏನಂತಾರೆ ಗೊತ್ತಾ? ಇಲ್ಲ ಅಂತಾರೆ. ಮೊದಲನೇ ಸಲ ಇಲ್ಲ ಅನ್ನಲೇಬೇಕು. ಕೇಳಿದ ತಕ್ಷಣ ಹೂಂ ಅಂದುಬಿಟ್ಟರೆ ಮಗಳು ಮನೆಗೆ ಭಾರವಾಗಿದ್ದಳು ಅಂತ ಜನ ಆಡ್ಕೋತಾರೆ. "ನಮ್ಮ ಹಿತ್ತಲಲ್ಲಿ ಹೂವೆಲ್ಲಿಯದು, ಬರೀ ಮುಳ್ಳು. ಹಕ್ಕಿ ನಿಮಗೆ ಸುಳ್ಳು ಹೇಳಿದೆ, ಗಾಳಿ ನಿಮಗೆ ಸುಳ್ಳು ಹೇಳಿದೆ" ಅಂತ ಕಳಿಸ್ತಾರೆ. ಆದರೆ ನಾವು ಕೊಟ್ಟ ಮೇಣದಬತ್ತಿಯನ್ನ ಇಟ್ಕೋತಾರೆ. ನಿಜವಾಗಲೂ ಬೇಡದಿದ್ದರೆ ಮೇಣದಬತ್ತಿ ವಾಪಸ್ ಬರುತ್ತೆ. ಇಟ್ಟುಕೊಂಡರು ಅಂದರೆ ಮತ್ತೆ ಬನ್ನಿ ಅಂತ. ಮತ್ತೆ ಹೋದಾಗ ನಾವು ಮುಂದಿಟ್ಟ ಸಾರಾಯಿ ಬಟ್ಟಲು ಎತ್ತಿ ಕುಡಿದರೆ ಮಾತು ಮುಗಿದ ಹಾಗೆ.

ಈ ವಿದ್ಯೆ ಅಣ್ಣನಿಗೆ ಬಂದದ್ದು ನಮ್ಮ ದೊಡ್ಡಪ್ಪನಿಂದ. ದೊಡ್ಡಪ್ಪ ತಾಳೆಗರಿ ಟೋಪಿ ಹೆಣೀತಾ ಒಂದು ಸಾಲು ಹೇಳ್ತಿದ್ದ, ಅಣ್ಣ ಟೋಪಿ ಹೆಣೀತಾ ಅದನ್ನ ವಾಪಸ್ ಹೇಳ್ತಿದ್ದ. ತಪ್ಪಿದರೆ ಹೆಣೆದಷ್ಟು ಟೋಪಿ ಬಿಚ್ಚಿಸ್ತಿದ್ದ ಮುದುಕ. ಆ ವರ್ಷ ನಮ್ಮಪ್ಪ ತ್ಲಾಹಿಯಾಕೊ ಸಂತೆಗೆ ಟೋಪಿ ಮಾರೋಕೆ ಹೋಗುವಾಗೆಲ್ಲ ಗೊಣಗ್ತಿದ್ದ, "ನನ್ನ ಮಗ ಕಲಿತದ್ದು ಹೆಣೆಯೋದಲ್ಲ, ಬಿಚ್ಚೋದು" ಅಂತ. ಆಮೇಲೆ ದೊಡ್ಡಪ್ಪ ತೀರಿಕೊಂಡ, ಅಣ್ಣನೇ ನಿಂತ. ಈ ಬೆಟ್ಟದಿಂದ ಆ ಕಣಿವೆ ತನಕ ಈಗ ಆಡೋ ಮಕ್ಕಳಲ್ಲಿ ಅರ್ಧದಷ್ಟು ಅವನ ನಾಲಿಗೆಯಿಂದ ಹುಟ್ಟಿದವು ಅಂತ ನಾನು ರೇಗಿಸ್ತಿದ್ದೆ. ಅವನು ನಗ್ತಿರಲಿಲ್ಲ, ಕಿವಿ ಮಾತ್ರ ಕೆಂಪಾಗ್ತಿತ್ತು.

ಮೊದಲ ಸಲದ ಇಲ್ಲ ಕೇಳಿ ಹುಡುಗರ ಅಪ್ಪಂದಿರು ದಾರಿಯಲ್ಲೇ ಕುಸಿದು ಕೂರೋದುಂಟು. ಪದ್ಧತಿ ಅಂತ ಗೊತ್ತಿದ್ದರೂ ಮನಸ್ಸು ನೋಯುತ್ತಲ್ಲ. ಅವರಿಗೆ ಅಣ್ಣ ಭುಜ ತಟ್ಟಿ ಹೇಳ್ತಿದ್ದ, "ಇದು ಇಲ್ಲ ಅಲ್ಲಪ್ಪಾ. ಬಾಗಿಲು ಕಿರುಗುಟ್ಟಿದ್ದು ಅಷ್ಟೇ. ತೆರೆಯೋ ಬಾಗಿಲೇ ತಾನೇ ಕಿರುಗುಟ್ಟೋದು?" ಆಮೇಲೆ ಅವರನ್ನೇ ಕರ್ಕೊಂಡು ಬೇಲಿ ಬದಿಯಲ್ಲಿ ಕತ್ತಾಳೆ ಹೆಂಡ ಕುಡಿಸಿ, ತಾನೂ ಕುಡಿದು, ಆರಾಮಾಗಿ ಬರ್ತಿದ್ದ.

ಅತ್ತಿಗೆ ನಿಸೆಫೊರಾ ಜ್ವರದಲ್ಲಿ ಹೋದಮೇಲೆ ಅಣ್ಣ ಇನ್ನೂ ಮೌನಿಯಾದ. ಮಗಳು ಇದ್ದಳು, ಅವಳನ್ನ ಪಕ್ಕದ ಬೆಟ್ಟದವರು ಕೇಳೋಕೆ ಬಂದಾಗ ಅಪ್ಪನಾಗಿ ಕೂತು ಎಂಥಾ ಇಲ್ಲ ಹೇಳಿದ ಅಂದರೆ, ಬಂದವನು ಹೆದರಿ ತಾನೇ ಮೇಣದಬತ್ತಿ ಎತ್ಕೊಂಡು ಹೋಗೋಕೆ ನೋಡಿದ. ನಾನೇ ಕೈ ಹಿಡಿದು ಕೂರಿಸಿದೆ. ನನ್ನ ವಿಷಯ ಕೇಳ್ತೀರಾ? ನನ್ನನ್ನೂ ಕೇಳೋಕೆ ಬಂದಿದ್ದರು, ಒಬ್ಬರಲ್ಲ. ಎಲ್ಲರ ಮೇಣದಬತ್ತಿಯನ್ನೂ ನಾನು ವಾಪಸ್ ಕೊಡಿಸಿದೆ. ನನಗೆ ಯಾರ ರೊಟ್ಟಿಯನ್ನೂ ತಟ್ಟೋ ಆಸೆ ಇರಲಿಲ್ಲ. ಕೊನೆಗೆ ಅಣ್ಣನ ರೊಟ್ಟಿ ತಟ್ಟಿದೆ, ಅದು ಬೇರೆ ಕಥೆ.

ಈಗ ಸೆನೈದಾಳ ವಿಷಯ. ಊರ ಮೇಲಿನ ತುದಿಯಲ್ಲಿ ಅವಳ ಗೂಡೊಲೆ. ನಮ್ಮೂರ ಮದುವೆಗಳಿಗೆ ಸೋಂಪು ಹಾಕಿದ ದೊಡ್ಡ ಬನ್ನು ಬೇಯಿಸೋಳು ಅವಳೊಬ್ಬಳೇ. ಅಣ್ಣ ಕೇಳಿ ಗೆದ್ದ ಮದುವೆಗಳಿಗೆಲ್ಲ ಬನ್ನು ಅವಳ ಕೈಯದೇ. ಗಟ್ಟಿ ಹೆಂಗಸು, ತೋಳು ನೋಡಿದರೆ ಎತ್ತು ಹೆದರಬೇಕು. ಎಳೆ ಹುಡುಗಿಯಾಗಿದ್ದಾಗ ನೀರಿಗೆ ಹೋದವಳನ್ನ ಮಕಾರಿಯೊ ಅನ್ನೋನು ಒರತೆ ಹತ್ತಿರದಿಂದಲೇ ಕುದುರೆ ಮೇಲೆ ಕೂರಿಸಿಕೊಂಡು ಹೋದ. ಕೇಳಲಿಲ್ಲ, ಹೇಳಲಿಲ್ಲ. ಇವಳಿಗೂ ಅವನ ಮೇಲೆ ಮನಸ್ಸಿತ್ತು ಅನ್ನಿ, ಕೂಗಿಕೊಳ್ಳಲಿಲ್ಲ. ಅಪ್ಪ ವರ್ಷಗಟ್ಟಲೆ ಮಾತು ಬಿಟ್ಟಿದ್ದ. ಮಕಾರಿಯೊ ಕೆಟ್ಟವನಲ್ಲ, ಉತ್ತರದ ಟೊಮೆಟೊ ತೋಟಕ್ಕೆ ಕೂಲಿಗೆ ಹೋದವನು ಅಲ್ಲೇ ತೀರಿಕೊಂಡ. ಅವಳು ಗೂಡೊಲೆ ಹಚ್ಚಿ ಬದುಕಿದಳು.

ನಮ್ಮಣ್ಣನಿಗೆ ಬನ್ನು ಸೇರಲ್ಲ, ಸಿಹಿ ಅಂದರೆ ಹಲ್ಲು ನೋವು ಅಂತಾನೆ. ಅಂಥವನು ಸಂಜೆ ಸಂಜೆಗೂ ಬನ್ನಿನ ಗಂಟು ಹಿಡ್ಕೊಂಡು ಬರೋಕೆ ಶುರು ಮಾಡಿದ. ನಾನು ತಿಂದೆ, ನೆರೆಯವರಿಗೆ ಕೊಟ್ಟೆ, ಟರ್ಕಿ ಕೋಳಿಗಳಿಗೆ ಹಾಕಿದೆ. ಕೋಳಿಗಳು ಊದಿಕೊಂಡವು.

"ಏನಣ್ಣಾ ಇದು?" ಅಂದೆ ಒಂದಿನ.

"ಬನ್ನು."

"ಬನ್ನು ಅಂತ ನನಗೂ ಕಾಣುತ್ತೆ. ಸೆನೈದಾ ಮೇಲೆ ಮನಸ್ಸಾಗಿದೆಯಾ?"

ಅವನು ಟೋಪಿ ಹೆಣೆಯೋದು ನಿಲ್ಲಿಸಿದ. ಕಿವಿ ಟೊಮೆಟೊ ಆಯ್ತು. "ಗಾಳಿ ದಿಕ್ಕು ಬದಲಾಯ್ತು" ಅಂದ.

ನನಗೆ ಸಂತೋಷವಾಯ್ತು, ಸುಳ್ಳು ಯಾಕೆ ಹೇಳಲಿ. ಮಾರನೇ ದಿನವೇ ಶಾಲು ಹೊದ್ದು ಮೇಲಿನ ತುದಿಗೆ ಹೋದೆ. ಸೆನೈದಾ ಗೂಡೊಲೆಯ ಬೂದಿ ಎಳೀತಿದ್ದಳು.

"ನೋಡೇ ಸೆನೈದಾ, ಸುತ್ತಿ ಬಳಸಿ ಮಾತಾಡೋಳಲ್ಲ ನಾನು. ನೀನೂ ಒಂಟಿ, ಅವನೂ ಒಂಟಿ. ತಲೆ ನೆರೆತಿದೆ ಇಬ್ಬರಿಗೂ. ನಿನ್ನ ಪಾತ್ರೆ ಪಡಗ ಕಟ್ಕೊಂಡು ಸುಮ್ಮನೆ ಬಂದುಬಿಡು."

ಅವಳು ಬೂದಿಗೋಲು ಗೋಡೆಗೆ ಒರಗಿಸಿ ನನ್ನನ್ನ ದಿಟ್ಟಿಸಿ ನೋಡಿದಳು. "ಒಂದ್ಸಲ ಸುಮ್ಮನೆ ಹೋದೋಳು ನಾನು, ಮೊದೆಸ್ತಕ್ಕಾ. ಇನ್ನೊಂದ್ಸಲ ಹೋಗಲ್ಲ. ಊರ ಹುಡುಗೀರಿಗೆಲ್ಲ ಬನ್ನು ಬೇಯಿಸಿದೆ. ಒಬ್ಬೊಬ್ಬಳ ಬನ್ನು ತಟ್ಟುವಾಗಲೂ ಅಂದ್ಕೋತಿದ್ದೆ, ಇವಳಿಗೆ ಹಿರೀಮಾತು ಹೇಳಿಸಿದರು, ಇವಳ ಹೊಸಿಲಲ್ಲಿ ಯಾರೋ ಟೋಪಿ ತೆಗೆದು ನಿಂತರು ಅಂತ. ನನ್ನನ್ನ ಯಾರೂ ಕೇಳಲೇ ಇಲ್ಲ. ನಿಮ್ಮಣ್ಣನಿಗೆ ನಾನು ಬೇಕಿದ್ದರೆ ಕೇಳಿಸಲಿ. ನಮ್ಮಣ್ಣ ಗೌದೆನ್ಸಿಯೊ ಅಪ್ಪನ ಜಾಗದಲ್ಲಿ ಕೂರ್ತಾನೆ. ಎಲ್ಲ ಕ್ರಮವಾಗಿ ಆಗಲಿ. ಇಲ್ಲದಿದ್ದರೆ ಬನ್ನು ತಗೊಂಡು ಹೋಗ್ತಾ ಇರಲಿ."

ಅವಳ ಕಣ್ಣು ಒದ್ದೆಯಾಗಿತ್ತು. ನಾನೊಬ್ಬಳು, ಬಂದೋರನ್ನೆಲ್ಲ ವಾಪಸ್ ಕಳಿಸಿದೋಳು. ಕೇಳದೇ ಇದ್ದರೆ ಹೇಗಿರುತ್ತೆ ಅಂತ ಯೋಚನೆಯೇ ಮಾಡಿರಲಿಲ್ಲ.

ಇಲ್ಲೇ ನೋಡಿ ತೊಡಕು ಬಂದದ್ದು. ಕೇಳೋನು ಯಾರು? ಹಿರೀಮಾತು ಪೂರ್ತಿ ಬರ್ತಿದ್ದವನು ಈ ಸೀಮೆಗೆಲ್ಲ ಈಗ ಉಳಿದಿದ್ದು ಅಣ್ಣ ಒಬ್ಬನೇ. ತನಗೆ ತಾನೇ ಕೇಳಿಕೊಳ್ಳೋದುಂಟಾ? ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಿಗೆ ಬಿತ್ತು ಅಂತಾರಲ್ಲ, ಹಾಗಾಯ್ತು ಅವನ ಪಾಡು. ದೊಡ್ಡಪ್ಪ ಕಲಿಸುವಾಗ ನಾನು ಗೋಡೆ ಈಚೆ ಕೂತು ಕೇಳೀ ಕೇಳೀ ಅರ್ಧ ಬಾಯಿಪಾಠ ಆಗಿತ್ತು. ಆದರೆ ನಾನು ಅವನ ಸ್ವಂತ ತಂಗಿ, ಒಂದೇ ಒಲೆಯವಳು. ಹೊರಗಿನವನೇ ಆಗಬೇಕು, ನಮಗಾಗಿ ನಿಲ್ಲೋನು ಆಗಬೇಕು. ಲೆಕ್ಕ ಹಾಕಿ ಹಾಕಿ ಉಳಿದವನು ಅಬುಂದಿಯೊ.

ಅಬುಂದಿಯೊ ಎತ್ತಿನ ದಲ್ಲಾಳಿ. ಅವನ ಮಗನ ದೀಕ್ಷಾಸ್ನಾನದಲ್ಲಿ ಅಣ್ಣ ಧರ್ಮತಂದೆಯಾಗಿ ನಿಂತಿದ್ದ. ಹಾಗೆ ನಿಂತ ಮೇಲೆ ನಮ್ಮಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಲ್ಲ, ಕೊಂಪಾದ್ರೆ ಅಂತಾರೆ. ಒಡಹುಟ್ಟಿದವರಿಗಿಂತ ಹತ್ತಿರ. ಒಳ್ಳೆಯವನು, ಪ್ರಾಣ ಕೊಡ್ತಾನೆ. ಆದರೆ ತಲೆಯಲ್ಲಿ ಎತ್ತು ಬಿಟ್ಟರೆ ಬೇರೇನೂ ನಿಲ್ಲಲ್ಲ.

ನಮ್ಮ ಅಂಗಳದಲ್ಲಿ ಪಾಠ ಶುರುವಾಯ್ತು. ಸಾನ್ ಮಾರ್ಕೋಸ್ ಹಬ್ಬ ಹತ್ತಿರ ಬರ್ತಿತ್ತು. ಆ ದಿನ ನಾವು ಗವಿಯೊಳಗಿನ ಮಳೆಕಲ್ಲಿಗೆ ಹೂವು, ಧೂಪ, ಕತ್ತಾಳೆ ಹೆಂಡ ತಗೊಂಡು ಹೋಗಿ ಮಳೆಯನ್ನ ಕರೀತೀವಿ. ಮಳೆಯನ್ನ ಕರೆದ ಮೇಲೆ ನಮ್ಮೂರಲ್ಲಿ ಯಾರೂ ಹೆಣ್ಣು ಕೇಳಲ್ಲ. ಬಿತ್ತಬೇಕು, ಕಳೆ ಕೀಳಬೇಕು, ಜೋಳ ಮನೆಗೆ ಬರೋ ತನಕ ಬೇರೆ ಮಾತಿಲ್ಲ. ಹಬ್ಬದೊಳಗೆ ಮುಗಿಯದ ಕೇಳಿಕೆ ಕೆಟ್ಟುಹೋದ ಹಾಗೆ, ಮತ್ತೆ ಅದೇ ಮನೆಗೆ ಹೋಗೋ ಹಾಗಿಲ್ಲ. ಅದಕ್ಕೇ ಅಣ್ಣನಿಗೆ ಆತುರ.

"ಹೇಳಿ ಕೊಂಪಾದ್ರೆ. ಅವನ ಒಲೆಗೆ ಬೆಂಕಿ ಇಲ್ಲ, ಅವನ ಬೆಂಕಿಗೆ ಜೊತೆ ಇಲ್ಲ."

"ಅವನ ಒಲೆಗೆ ಬೆಂಕಿ ಇಲ್ಲ, ಬೆಂಕಿಗೆ... ಸೌದೆ ಇಲ್ಲ."

"ಸೌದೆ ಅಲ್ಲ!"

"ಸೌದೆ ಇಲ್ಲದೆ ಬೆಂಕಿ ಹೆಂಗೆ ಬಂತು ಕೊಂಪಾದ್ರೆ? ಬೆಂಕಿ ಇಲ್ಲ ಅಂದಮೇಲೆ ಮತ್ತೆ ಬೆಂಕಿಗೆ ಜೊತೆ ಎಲ್ಲಿಂದ?"

"ಪ್ರಶ್ನೆ ಕೇಳಬೇಡಿ, ಹೇಳಿ!"

ಕೋಣನ ಮುಂದೆ ಕಿನ್ನರಿ. ನಾನು ರೊಟ್ಟಿ ತಟ್ಟುತ್ತಾ ನಗು ತಡೆಯೋಕೆ ಶಾಲು ಬಾಯಿಗೆ ತುರುಕಿಕೊಂಡಿದ್ದೆ. ಅಬುಂದಿಯೊನ ಹೆಂಡತಿ ರುಫಿನಾ ಬಂದು ನನ್ನ ಕಿವಿಯಲ್ಲಿ ಅಂದಳು, "ಮಲಗಿದ್ದಾಗಲೂ ಬಡಬಡಿಸ್ತಾನಮ್ಮಾ. ಚಾಪೆ ಚಾಪೆ ಅಂತಾನೆ, ಕೇಳಿದೋರು ಏನಂದ್ಕೋಬೇಕು?"

ಕೊನೆಗೂ ಒಂದು ಬೆಳಗಿನ ಜಾವ ಹೊರಟೆವು. ಅಬುಂದಿಯೊ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಮನೆ ಹೆಂಗಸಾಗಿ ಬುಟ್ಟಿ ಹೊತ್ತವಳು ನಾನು. ಮೇಣದಬತ್ತಿ, ಹೂಮಾಲೆ, ಕೋಕೋ, ಸಿಗರೇಟು, ಕಬ್ಬಿನ ಸಾರಾಯಿ ಎಲ್ಲ ಅದರಲ್ಲಿ. ಅಣ್ಣ ಮನೇಲಿರಬೇಕು. "ಹೋಗಿ ಬನ್ನಿ" ಅಂತ ಒಲೆ ಮುಂದೆ ಕೂತವನನ್ನ ನೋಡಿಯೇ ಹೊರಟೆ.

ಸೆನೈದಾಳ ಅಂಗಳ ಗುಡಿಸಿ ನೀರು ಹಾಕಿತ್ತು. ಗೌದೆನ್ಸಿಯೊ ಅಪ್ಪನ ಹಳೇ ಕುರ್ಚಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದ, ಕ್ರಮ ಹಾಗೇ. ಸೆನೈದಾ ಒಳಬಾಗಿಲ ಹಿಂದೆ ನೆಲ ನೋಡ್ತಾ ನಿಂತಿದ್ದಳು. ಹೊಸ ರಿಬ್ಬನ್ ಕಟ್ಟಿದ್ದಳು.

ಅಬುಂದಿಯೊ ಟೋಪಿ ಎದೆಗೊತ್ತಿಕೊಂಡ. "ನಿಮ್ಮ ಹೊಸಿಲಿಗೆ ಬಂದಿದೀವಿ, ನಿಮ್ಮ ನೆರಳಿಗೆ ಬಂದಿದೀವಿ..." ಚೆನ್ನಾಗಿಯೇ ಹೋಯ್ತು. ಧೂಳು ಮನ್ನಿಸಿದ್ದಾಯ್ತು, ಹಕ್ಕಿ ಹೇಳಿದ್ದಾಯ್ತು, ಗಾಳಿ ಹೇಳಿದ್ದಾಯ್ತು. "ಒಬ್ಬ ಬಡವ ಇದಾನೆ, ಒಬ್ಬ ಅನಾಥ ಇದಾನೆ. ಅವನ ಒಲೆಗೆ ಬೆಂಕಿ ಇಲ್ಲ. ಅವನ... ಅವನ..." ನಿಂತುಬಿಟ್ಟ. ಹಣೆ ಮೇಲೆ ಬೆವರು. ನಾನು ಬುಟ್ಟಿ ಹಿಂದಿನಿಂದ ತುಟಿ ಆಡಿಸಿದೆ, ಅವನು ನೋಡಲಿಲ್ಲ. ಗೊತ್ತಿದ್ದ ದಾರಿಗೆ ಇಳಿದ ನೋಡಿ. "ಅವನ ಹಲ್ಲು ಗಟ್ಟಿ ಇದೆ, ಕಾಲು ಗಟ್ಟಿ ಇದೆ! ನೊಗಕ್ಕೆ ಪಳಗಿದ್ದಾನೆ, ಹಾಯೋದಿಲ್ಲ, ಒದೆಯೋದಿಲ್ಲ!"

ಅಂಗಳದಾಚೆ ಕತ್ತಾಳೆ ಬೇಲಿ. ಅದರ ಹಿಂದಿನಿಂದ ಒಂದು ಧ್ವನಿ ಬಂತು, "ಬೆಂಕಿಗೆ ಜೊತೆ ಇಲ್ಲ ಅನ್ನೋ, ಕತ್ತೆ!"

ಯಾರ ಧ್ವನಿ ಅಂತ ಹೇಳಬೇಕಾ? ಮನೇಲಿ ಕೂರೋಕಾಗದೆ ಹಿಂದೆಯೇ ಬಂದು ಬೇಲಿ ಮರೆಗೆ ಕೂತಿದ್ದ ಮಹಾರಾಯ. ಕೊಂಪಾದ್ರೆಯನ್ನ ಕತ್ತೆ ಅಂದ, ಅದೂ ಹಿರೀಮಾತಿನ ನಟ್ಟನಡುವೆ, ಅದೂ ಹೆಣ್ಣಿನ ಹೊಸಿಲಲ್ಲಿ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಅಬುಂದಿಯೊ ಪಾಪ, ಕತ್ತೆ ಅನ್ನೋದನ್ನ ಮಾತ್ರ ಬಿಟ್ಟು ಉಳಿದದ್ದನ್ನ ಅಚ್ಚುಕಟ್ಟಾಗಿ ಹೇಳಿ ಮುಗಿಸಿದ.

ಗೌದೆನ್ಸಿಯೊ ಸೆನೈದಾಳ ಕಡೆ ತಿರುಗಿದ. ಅವಳು ತಲೆ ಅಡ್ಡ ಆಡಿಸಿದಳು. ಅವನು ಎದ್ದು ನಿಂತು ಗಟ್ಟಿಯಾಗಿ, ಬೇಲಿಯಾಚೆಗೂ ಕೇಳೋ ಹಾಗೆ ಹೇಳಿದ, "ಇಲ್ಲ. ನಮ್ಮ ಹಿತ್ತಲಲ್ಲಿ ಹೂವಿಲ್ಲ, ಬರೀ ಮುಳ್ಳು. ಹಕ್ಕಿ ಸುಳ್ಳು ಹೇಳಿದೆ, ಗಾಳಿ ಸುಳ್ಳು ಹೇಳಿದೆ. ನಿಮ್ಮ ದಾರಿ ಹಿಡೀರಿ."

ಮನೆಗೆ ಬಂದು ನೋಡಿದರೆ ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಏಳೋ. ಅಬುಂದಿಯೊನ ಕಾಲು ಹಿಡಿ ಮೊದಲು."

"ಹಿಡೀತೀನಿ" ಅಂದ. "ಎಲ್ಲ ಹಾಳು ಮಾಡ್ದೆ ಮೊದೆಸ್ತಾ. ಇಲ್ಲ ಅಂದುಬಿಟ್ಟಳು."

ನಾನು ಬುಟ್ಟಿ ಕೆಳಗಿಟ್ಟೆ. ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡೆ. "ಮೊದಲ ಸಲ ಇಲ್ಲ ಅನ್ನದೆ ಇನ್ನೇನಂತಾರೆ? ಕುಣೀತಾರಾ?"

"ಅವಳು ತಲೆ ಆಡಿಸಿದ್ದು ಎಲೆ ಸಂದಿಯಿಂದ ಕಂಡೆ. ಮನಸಾರೆ ಆಡಿಸಿದಳು. ಕ್ರಮವಾಗಿ ಆಗಲಿ ಅಂದಿದ್ದಳು. ಕತ್ತೆ ಅಂದುಬಿಟ್ಟೆ."

"ಮೇಣದಬತ್ತಿ ಇಟ್ಕೊಂಡಿದ್ದಾರೆ ಕಣೋ!"

"ಆ ಗಲಾಟೆಯಲ್ಲಿ ಕೊಡೋಕೆ ಮರೆತಿರ್ತಾರೆ."

ಹೀಗಾಯ್ತು. ಊರಿನ ಅಪ್ಪಂದಿರಿಗೆಲ್ಲ ಬಾಗಿಲು ಕಿರುಗುಟ್ಟೋ ಕಥೆ ಹೇಳಿದವನು, ತನ್ನ ಬಾಗಿಲು ಕಿರುಗುಟ್ಟಿದಾಗ ಕದ ಮುರಿದುಬಿತ್ತು ಅಂತ ಕೂತ. ಅಬುಂದಿಯೊನ ಮನೆಗೆ ಹೋಗಿ ಮಂಡಿಯೂರಿ ಕ್ಷಮೆ ಕೇಳಿದ. ಆ ಪುಣ್ಯಾತ್ಮ ಅತ್ತುಬಿಟ್ಟ, "ಕತ್ತೆ ಅಂದದ್ದು ಸರಿಯಾಗೇ ಇದೆ ಕೊಂಪಾದ್ರೆ" ಅಂದ. ಆದರೆ ಮತ್ತೆ ಸೆನೈದಾಳ ಮನೆಗೆ ಹೋಗೋ ಮಾತೆತ್ತಿದರೆ ಅಣ್ಣ ಎದ್ದು ಹೊಲಕ್ಕೆ ಹೋಗ್ತಿದ್ದ. ಬನ್ನು ತರೋದೂ ನಿಂತಿತು. ಊಟ ಅರ್ಧವಾಯ್ತು. ಟೋಪಿ ಹೆಣೆಯೋಕೆ ಕೂತವನು ಹೆಣೀತಿದ್ದ, ಬಿಚ್ಚುತ್ತಿದ್ದ. ಊರಲ್ಲಿ ಹಬ್ಬಕ್ಕೆ ಹೂವು ಕಟ್ಟೋ ಮಾತು ಶುರುವಾಯ್ತು, ವಾದ್ಯದವರು ಸಂಜೆ ಸಂಜೆ ಅಭ್ಯಾಸ ಮಾಡ್ತಿದ್ದರು. ದಿನ ಕಳೀತಿತ್ತು. ನನಗೆ ಅವನ ಮೇಲೆ ಸಿಟ್ಟು, ಅವನನ್ನ ನೋಡಿದರೆ ಅಳು.

ಹಬ್ಬಕ್ಕೆ ಬನ್ನು ಬೇಕು ಅನ್ನೋ ನೆಪ ಮಾಡಿ ಮೇಲಿನ ತುದಿಗೆ ಹೋದೆ. ಅಂಗಳ ಆವತ್ತಿನ ಹಾಗೇ ಗುಡಿಸಿ ನೀರು ಹಾಕಿತ್ತು. ಅಪ್ಪನ ಕುರ್ಚಿ ಹೊರಗೇ ಇತ್ತು. ಸೆನೈದಾ ನನ್ನನ್ನ ಕಂಡು ಹಿಂದೆ ಯಾರಾದರೂ ಬರ್ತಿದ್ದಾರಾ ಅಂತ ದಾರಿ ನೋಡಿದಳು. ಯಾರೂ ಇರಲಿಲ್ಲ.

"ನಿಮ್ಮಣ್ಣನ ಕಾಲು ಮುರಿದಿದೆಯಾ?" ಅಂದಳು.

"ಮುರಿದಿಲ್ಲ."

"ಮತ್ತೆ? ಗೌದೆನ್ಸಿಯೊ ದಿನಾ ಕೋಳಿ ಕೂಗೋ ಮೊದಲೇ ಬಂದು ಆ ಕುರ್ಚಿಯಲ್ಲಿ ಕೂರ್ತಾನೆ. ಕೂತು ಕೂತು ಸೊಂಟ ನೋವು ಅಂತ ನನ್ನ ಮೇಲೆ ಹಾರಾಡ್ತಾನೆ. ನಾನು ದಿನಾ ರಿಬ್ಬನ್ ಕಟ್ತೀನಿ, ಬಿಚ್ಚಿಡ್ತೀನಿ." ಬನ್ನು ಎತ್ತಿ ಬುಟ್ಟಿಗೆ ಹಾಕುತ್ತಾ ಇದ್ದವಳು ನಿಲ್ಲಿಸಿದಳು. "ಆವಾಗ ಯಾರೂ ಕೇಳಲೇ ಇಲ್ಲ. ಈಗ ಒಬ್ಬ ಕೇಳಿಸಿ ಬಿಟ್ಟುಹೋದ. ಯಾವುದು ಹೆಚ್ಚು ಅವಮಾನ ಹೇಳು ಮೊದೆಸ್ತಕ್ಕಾ? ಊರಿನವರು ಏನಂತಿದಾರೆ ಗೊತ್ತಾ? ಮುದುಕಿ ಕ್ರಮ ಕ್ರಮ ಅಂತ ಅತಿ ಮಾಡಿದಳು, ಲಿಬ್ರಾದೊಗೆ ಬೇಜಾರಾಯ್ತು ಅಂತ."

"ನೀನು ಇಲ್ಲ ಅಂದೆ ಅಂತ ಅವನು ನಂಬಿಬಿಟ್ಟಿದ್ದಾನೆ ಕಣೇ! ಬೇಲಿ ಹಿಂದಿನಿಂದ ಕೂಗಿದ್ದಕ್ಕೆ ನಿನಗೆ ಸಿಟ್ಟು ಬಂತು ಅಂತ."

ಸೆನೈದಾ ಬಾಯಿ ತೆರೆದು ನನ್ನನ್ನೇ ನೋಡಿದಳು. "ಸಿಟ್ಟಾ? ಒಂದು ಪದ ಜಾರಿದ್ದಕ್ಕೆ ಅವನಿಗೆ ಬೇಲಿ ಹಿಂದೆ ಜೀವ ತಡೀಲಿಲ್ಲವಲ್ಲ. ನನಗಾಗಿ ಯಾರ ಜೀವ ಅಷ್ಟು ಒದ್ದಾಡಿತ್ತು? ಒಳಗೆ ಹೋಗಿ ಹಿಟ್ಟಿನ ಚೀಲದ ಮೇಲೆ ಕೂತು ನಕ್ಕೆ, ಆಮೇಲೆ ಅತ್ತೆ." ಮತ್ತೆ ಮುಖ ಗಟ್ಟಿ ಮಾಡಿಕೊಂಡಳು. "ಇದನ್ನ ಅವನಿಗೆ ಹೇಳಬೇಡ. ಹೇಳಿಸಿಕೊಂಡು ಬಂದರೆ ನನಗೆ ಬೇಡ. ಕೇಳೋನು ತಾನಾಗಿ ಎರಡನೇ ಸಲ ಬರಬೇಕು. ಹಬ್ಬ ಬಂದೇಬಿಡ್ತು."

ಮಾತು ಕೊಟ್ಟೆ. ಕೊಟ್ಟ ಮೇಲೆ ಮುಗೀತು, ನಾಲಿಗೆ ಕಚ್ಚಿಕೊಂಡು ಮನೆಗೆ ಬಂದೆ. ನನ್ನಂಥೋಳಿಗೆ ಬಾಯಿ ಮುಚ್ಚಿಕೊಂಡಿರೋದು ಎಷ್ಟು ಕಷ್ಟ ಅಂತ ದೇವರಿಗೇ ಗೊತ್ತು.

ಅಣ್ಣ ಅಂಗಳದಲ್ಲಿ ನೇಗಿಲ ಗುಳ ಉಜ್ಜುತ್ತಾ ಇದ್ದ. ಎದುರಿಗೆ ಕೂತೆ.

"ಆ ಅಪ್ಪಂದಿರಿಗೆಲ್ಲ ಏನು ಹೇಳ್ತಿದ್ದೆ? ಇಲ್ಲ ಅಂದರೆ ಏನು ಅಂತ?"

"ಬಾಗಿಲು ಕಿರುಗುಟ್ಟೋದು ಅಂತ."

"ಸುಳ್ಳು ಹೇಳ್ತಿದ್ದೆಯಾ?"

"ಇಲ್ಲ. ಅದು ಬೇರೆಯವರ ಇಲ್ಲ, ಮೊದೆಸ್ತಾ. ಇದು ನನ್ನದು."

ಇಷ್ಟು ಉದ್ದದ ಮಾತು ಅವನು ನನ್ನ ಹತ್ತಿರ ಆಡಿದ್ದೇ ಅಪರೂಪ. ಅವನ ಮುಖ ನೋಡಿದೆ. ಕಣ್ಣ ಸುತ್ತ ಕಪ್ಪು, ಗಡ್ಡ ಬಿಟ್ಟಿದ್ದ. ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯ್ತೋ.

"ಅಣ್ಣಾ" ಅಂದೆ, "ಅವಳು ನಿಜವಾಗಲೂ ಬೇಡ ಅಂದಿದ್ದರೆ, ಎರಡನೇ ಸಲ ಹೋದರೆ ನಿನಗೇನು ಹೋಗುತ್ತೆ? ಮರ್ಯಾದೆ. ಇನ್ನೇನೂ ಇಲ್ಲ. ಅದು ಆ ಬೇಲಿ ಹಿಂದೆಯೇ ಹೋಗಿದೆ. ಆದರೆ ಅವಳು ಪದ್ಧತಿಗೆ ಇಲ್ಲ ಅಂದಿದ್ದು, ನೀನು ಹೋಗದೇ ಇದ್ದರೆ? ಒಂದ್ಸಲ ಹೇಳದೆ ಕೇಳದೆ ಕುದುರೆ ಮೇಲೆ ಹತ್ತಿಸಿಕೊಂಡು ಹೋದರು ಅವಳನ್ನ. ಇನ್ನೊಂದ್ಸಲ ಅರ್ಧ ಕೇಳಿ ಅಂಗಳದಲ್ಲೇ ಬಿಟ್ಟುಹೋದರು ಅಂತಾಗುತ್ತೆ. ಇದನ್ನ ತಡ್ಕೋತೀಯಾ ನೀನು?"

ಅವನು ಗುಳ ಕೆಳಗಿಟ್ಟ. ಆಮೇಲೆ ಎದ್ದು ಟೋಪಿ ಇಟ್ಕೊಂಡ. "ಕೊಂಪಾದ್ರೆ ಮನೇಲಿದ್ದಾರಾ ನೋಡ್ತೀನಿ" ಅಂದ.

ಹಬ್ಬದ ಹಿಂದಿನ ದಿನದ ಬೆಳಗಿನ ಜಾವ ಅಬುಂದಿಯೊ ಮತ್ತೆ ಬಿಳಿ ಅಂಗಿ ಹಾಕಿ ಹೊರಟ. ಈ ಸಲ ಬುಟ್ಟಿ ರುಫಿನಾ ಹೊತ್ತಳು. ನಾನು ಉಳಿದೆ, ಅಣ್ಣನನ್ನ ಕಾಯೋಕೆ. ಹೊಸಿಲಿಗೆ ಅಡ್ಡವಾಗಿ ಅರೆಯೋ ಕಲ್ಲು ಇಟ್ಟುಕೊಂಡು ಜೋಳ ಅರೆಯೋಕೆ ಕೂತೆ. ದಾಟಿ ಹೋಗಲಿ ನೋಡೋಣ ಅಂತ.

ಅವನು ಒಲೆ ಮುಂದೆ ಕೂತ, ಎದ್ದ, ಎತ್ತಿನ ಹತ್ತಿರ ಹೋದ, ಬಂದ. ಗರಿ ಕೈಗೆ ತಗೊಂಡ, ಕೆಳಗಿಟ್ಟ. ಬೆಳಕು ಹರೀತು. ಬಿಸಿಲು ಎದುರಿನ ಬೆಟ್ಟದ ನೆತ್ತಿ ಮುಟ್ಟಿತು. ಆಮೇಲೆ ಅರ್ಧ ಬೆಟ್ಟ ಇಳೀತು. ಯಾರೂ ಬರಲಿಲ್ಲ.

"ಇಷ್ಟೊತ್ತು ಆಗುತ್ತಾ?" ಅಂದ.

"ನನ್ನ ಕೇಳ್ತೀಯಾ? ಹೋಗಿ ಬರ್ತಿದ್ದೋನು ನೀನು."

"ಮಾತು ಇಷ್ಟೊತ್ತಿಗೆ ಮುಗಿದಿರುತ್ತೆ." ಆಮೇಲೆ ಏನೋ ಹೊಳೆದವನ ಹಾಗೆ ನನ್ನ ಕಡೆ ತಿರುಗಿದ, ಮುಖ ಬಿಳಿಚಿಕೊಂಡಿತ್ತು. "ಮಾತು ಮುಗಿದ ಮೇಲೆ ನಾನು ಬೇಲಿ ಬದಿ ಕೂತು ಹೆಂಡ ಕುಡೀತಿದ್ದೆ ಮೊದೆಸ್ತಾ. ಆರಾಮಾಗಿ. ಎಷ್ಟು ಮನೆಗಳಲ್ಲಿ ಹುಡುಗರು ಹೀಗೆ ಕೂತಿದ್ದರು? ಹೀಗೇ ಕೂತಿದ್ದರಾ ಎಲ್ಲರೂ?"

"ಕೂತಿದ್ದರು, ಮತ್ತೇನು ಮಲಗಿದ್ದರಾ?" ಅಂದೆ. ಜೋಳ ಎಂದೋ ನುಣ್ಣಗಾಗಿತ್ತು, ನಾನು ಸುಮ್ಮನೆ ಕಲ್ಲಿನ ಮೇಲೆ ಕಲ್ಲು ಆಡಿಸ್ತಿದ್ದೆ.

ಹಿರೀಮಾತು ಹೇಳಿ ಬಂದವನು ಉತ್ತರವನ್ನ ದಾರಿಯಲ್ಲಿ ಹೇಳೋ ಹಾಗಿಲ್ಲ. ಅಂಗಳಕ್ಕೆ ಬರಬೇಕು, ಟೋಪಿ ತೆಗೀಬೇಕು, ಕೂರಬೇಕು, ನೀರು ಕುಡೀಬೇಕು. "ಹೋದ ದಾರಿಯಲ್ಲಿ ಹೋದೆವು, ಬಂದ ದಾರಿಯಲ್ಲಿ ಬಂದೆವು" ಅಂತ ಶುರು ಮಾಡಿ, ಹೊಸಿಲು, ಕುರ್ಚಿ, ಬಟ್ಟಲು ಎಲ್ಲ ವರ್ಣಿಸಿ ಕೊನೆಗೆ ಉತ್ತರ ಹೇಳಬೇಕು. ಇದನ್ನೂ ಅಣ್ಣ ಅಬುಂದಿಯೊನಿಗೆ ಕಲಿಸಿ ಕಲಿಸಿ ಸುಸ್ತಾಗಿದ್ದ.

ಮೇಲಿನ ತುದಿಯ ಕಡೆಯಿಂದ ನಾಯಿಗಳು ಬೊಗಳಿದವು. ನೋಡಿದರೆ ಅಬುಂದಿಯೊ ಇಳಿಜಾರಲ್ಲಿ ಓಡೋಡಿ ಬರ್ತಿದ್ದಾನೆ, ಬಿಳಿ ಅಂಗಿ ಹೊರಗೆ ಬಂದಿದೆ, ಹಿಂದೆ ರುಫಿನಾ "ನಿಲ್ಲೋ, ಕೂತು ಹೇಳಬೇಕು ಕಣೋ" ಅಂತ ಅರಚುತ್ತಾ ಬರ್ತಿದ್ದಾಳೆ. ಅವನು ನಿಲ್ಲಲಿಲ್ಲ. ಎರಡೂ ಕೈ ಬಾಯಿಗೆ ಹಿಡಿದು, ಆ ಕಣಿವೆಗೆಲ್ಲ ಕೇಳೋ ಹಾಗೆ, ದನ ಕೂಗೋ ಧ್ವನಿಯಲ್ಲಿ ಕೂಗಿದ:

"ಕುಡಿದಳು ಕೊಂಪಾದ್ರೆ! ಗೌದೆನ್ಸಿಯೊನ ಕೈಯಿಂದ ಕಿತ್ಕೊಂಡು ತಾನೇ ಕುಡಿದಳು! ಬಟ್ಟಲು ಪೂರ್ತಿ ಖಾಲಿ!"

ಅಣ್ಣ ಅಂಗಳದ ಮಧ್ಯೆ ನಿಂತಿದ್ದ. "ಕ್ರಮ ತಪ್ಪಿತು" ಅಂದ ಮೆಲ್ಲಗೆ. "ನೀರು ಕುಡೀಬೇಕಿತ್ತು ಮೊದಲು. ಹೋದ ದಾರಿಯಲ್ಲಿ ಹೋದೆವು ಅನ್ನಬೇಕಿತ್ತು..." ಟೋಪಿ ತೆಗೆದು ಮುಖಕ್ಕೆ ಮುಚ್ಚಿಕೊಂಡ. ನಾನು ಅರೆಯೋ ಕಲ್ಲು ದಾಟಿ ಹೋಗಿ ಅವನ ತೋಳು ಹಿಡ್ಕೊಂಡೆ. ಹಿಟ್ಟಿನ ಕೈ, ಅವನ ಒಗೆದ ಅಂಗಿಗೆಲ್ಲ ಹಿಟ್ಟಾಯ್ತು. ಆಗಲಿ, ಇನ್ನು ಮೇಲೆ ಒಗೆಯೋಳು ಬರ್ತಾಳೆ ಅಂದ್ಕೊಂಡೆ. ಅಂದ್ಕೊಂಡ ಮೇಲೆ ಯಾಕೋ ನನಗೂ ಅಳು ಬಂತು, ಇಬ್ಬರೂ ನಿಂತು ಅತ್ತೆವು.